ದವಡೆಯನ್ನು ಕಟ್ಟಿದ ಮದ್ದು

ಹುನಗುಂದ ತಾಲೂಕಿನ ರಾಮಥಾಳವು ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲಕ್ಕೆತ್ತಿ 24,000 ಹೆಕ್ಟೇರು ಎರೆಭೂಮಿಗೆ ಹನಿಹನಿಯಾಗಿ ಉಣಿಸುವ ನೀರಾವರಿ ಯೋಜನೆಯಿಂದ. ಐಹೊಳೆಯೂ ಕೂಡಲಸಂಗಮವೂ ಇದೇ ತಾಲೂಕಿಗೆ ಸೇರಿದವಾದುದರಿಂದ, ಬಾದಾಮಿ ಪಟ್ಟದಕಲ್ಲುಗಳು ನೆರೆಯಲ್ಲಿಯೇ ಇರುವುದರಿಂದ, ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಅರಸರನ್ನೂ ಗುಡಿಗಳನ್ನೂ ಶರಣರನ್ನೂ ಕುರಿತು ಬರೆಯುವುದು ಸಹಜವಾಗಿಯೇ ಇದೆ. ಆದರೆ ಇಲ್ಲಿಯ ಜನ ತಲೆತಲಾಂತರದಿಂದ ಅನುಭವಿಸುತ್ತ ಬಂದ ನೋವುಗಳ ಚರಿತ್ರೆಯನ್ನು ಬರೆದವರು ವಿರಳ. 'ದವಡಿ ಹಿಡಿದಾವ', 'ಬಾಯಿ ಬಿಗಿದೈತಿ', 'ದವಡಿ ಜಾರೈತಿ' ಎಂದು ಈ ಭಾಗದಲ್ಲಿ ಹೇಳುವ ದವಡೆಯ ಕೀಲಿನ ಬಾಧೆ ಅಂತಹದೊಂದು. ಅದಕ್ಕೆ ಕೊಟ್ಟ ಮದ್ದುಗಳ ಕಥೆ ದೀರ್ಘವಾದುದು. ಬೇರೊಂದು ರೋಗಕ್ಕಾಗಿ ಕೊಟ್ಟ ಮದ್ದೇ ಅದಕ್ಕೆ ಕಾರಣವಾದ ಕಥೆಯಾದರೋ ಅಷ್ಟೇ ದೀರ್ಘವಾದುದಾದರೂ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದುದು. ಈ ಎರಡನೆಯ ಕಥೆಯನ್ನು ಹೇಳುವುದೇ ಇಲ್ಲಿಯ ಮುಖ್ಯ ಉದ್ದೇಶ.

ಕಿವಿಯ ರಂಧ್ರದ ಮುಂದೆ ಬೆರಳ ತುದಿಯನ್ನಿಟ್ಟು ಮೆಲ್ಲನೆ ಬಾಯ್ದೆರೆದು ನೋಡಿದರೆ, ಗುಂಡನೆಯ ಎಲುಬಿನ ತಲೆಯೊಂದು ಮೊದಲು ತನ್ನಲ್ಲಿಯೇ ತಿರುಗಿ, ಬಳಿಕ ಮುಂದಕ್ಕೆ ಜಾರಿ, ಬಾಯಿ ಮುಚ್ಚಿದೊಡನೆ ಮರಳಿ ತನ್ನ ಕುಳಿಯನ್ನು ಸೇರುವುದು ಸ್ಪರ್ಶಕ್ಕೆ ಗೋಚರವಾಗುತ್ತದೆ. ಬರಿಯ ಮಡಿಸುವ ಕೀಲಲ್ಲ ಇದು. ತಿರುಗುವುದು, ಜಾರುವುದು ಎರಡನ್ನೂ ಒಂದೇ ಚಲನೆಯಲ್ಲಿ ನಡೆಸಬೇಕಾದ ಕೀಲು. ಅಸ್ಥಿಗಳೆರಡರ ನಡುವೆ ತೆಳುವಾದ ಮೆತ್ತನೆಯ ಬಿಲ್ಲೆಯೊಂದಿದ್ದು, ಅದು ತನ್ನ ಎಡೆಯಿಂದ ಸರಿದಾಗ ಬಾಯ್ದೆರೆಯುವಾಗ 'ಕಟಕ್' ಎಂಬ ಸದ್ದಾಗುತ್ತದೆ. ಪೂರ್ತಿಯಾಗಿ ಮುಂದೆ ಸಿಕ್ಕಿಕೊಂಡರೆ ಬಾಯಿ ಅರ್ಧಕ್ಕೇ ನಿಂತುಬಿಡುತ್ತದೆ. ಎಡಬಲದ ಕೀಲುಗಳೆರಡೂ ಒಂದೇ ಎಲುಬಿಗೆ ಸೇರಿರುವುದರಿಂದ, ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ, ಒಂದು ತಡೆದರೆ ಇನ್ನೊಂದು ನಡೆಯಲಾರದು. ಆರೋಗ್ಯವಂತನ ಬಾಯಲ್ಲಿ ಅವನವೇ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಿಡಿಸುತ್ತವೆ. ಈ ಕೀಲನ್ನು ನಡೆಸುವ ಸ್ನಾಯುಗಳು ದೇಹದ ಅತ್ಯಂತ ಬಲಿಷ್ಠ ಸ್ನಾಯುಗಳಲ್ಲಿ ಸೇರಿದವು; ಮಿದುಳಿನಿಂದ ಬರುವ ಆಜ್ಞೆ ತಪ್ಪಾದರೆ, ಕೀಲು ಸ್ವತಃ ಎಷ್ಟೇ ನಿರ್ದೋಷವಾಗಿದ್ದರೂ, ಸ್ನಾಯುಗಳ ಸೆಳೆತವೇ ಅದನ್ನು ಕಟ್ಟಿಹಾಕಬಲ್ಲದು, ಇಲ್ಲವೆ ಕುಳಿಯಿಂದ ಹೊರಕ್ಕೆಳೆಯಬಲ್ಲದು. ಮದ್ದು ದವಡೆಯ ಮೇಲೆ ಕೈಮಾಡುವುದು ಬಹುಮಟ್ಟಿಗೆ ಈ ಮಾರ್ಗದಿಂದಲೇ.

ನಮ್ಮ ಪೂರ್ವಿಕ ವೈದ್ಯರು ಈ ಕೀಲನ್ನು ಚೆನ್ನಾಗಿ ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ. ನಾಲಗೆಯನ್ನು ಅತಿಯಾಗಿ ಹೆರೆಯುವುದರಿಂದ, ಒಣಗಿದ ಆಹಾರವನ್ನು ತಿನ್ನುವುದರಿಂದ, ಪೆಟ್ಟು ಬೀಳುವುದರಿಂದ ವಾತವು ಕೆರಳಿ ಹನುವಿನ, ಅಂದರೆ ದವಡೆಯ, ಬುಡವನ್ನು ಸಡಿಲಿಸುವುದೆಂದೂ, ಆಗ ಬಾಯಿ ತೆರೆದುದು ತೆರೆದಂತೆಯೇ ಅಥವಾ ಮುಚ್ಚಿದುದು ಮುಚ್ಚಿದಂತೆಯೇ ನಿಂತು ಅಗಿಯುವುದಕ್ಕೂ ನುಡಿಯುವುದಕ್ಕೂ ಕಷ್ಟವಾಗುವುದೆಂದೂ ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿವರಿಸಿದ್ದಾನೆ. ಒಣ ಆಹಾರವೆಂಬ ಕಾರಣವನ್ನು ಓದಿದಾಗ ಖಡಕ್ ರೊಟ್ಟಿಯ ನಾಡಿನವರಾದ ನಮಗೆ ಅದು ಎಷ್ಟು ಸಮೀಪದ ಅವಲೋಕನವೆಂದು ತೋರದಿರದು. ದವಡೆ ನೋಯುವವರಿಗೆ ರೊಟ್ಟಿಯನ್ನು ಬಿಡಿಸಿ ನುಚ್ಚು ಮಜ್ಜಿಗೆಯನ್ನು ಕೊಡುವ ನಮ್ಮ ಮನೆಗಳ ಪದ್ಧತಿಯೂ ಈ ತಿಳಿವಳಿಕೆಗೆ ಅನುಗುಣವಾಗಿಯೇ ಇದೆ. ಚರಕಸಂಹಿತೆಯ ವಾತವ್ಯಾಧಿ ಚಿಕಿತ್ಸೆಯಲ್ಲಂತೂ ಕೈಚಳಕದ ಕ್ರಮವೇ ಸ್ಪಷ್ಟವಾಗಿ ಬಂದಿದೆ: ಬಾಯಿ ತೆರೆದು ನಿಂತವನ ದವಡೆಗೆ ಮೊದಲು ಸ್ವೇದನವನ್ನು ಮಾಡಿ, ಹೆಬ್ಬೆರಳುಗಳೆರಡರಿಂದ ಕೆಳಕ್ಕೊತ್ತಿ, ತೋರುಬೆರಳುಗಳಿಂದ ಗದ್ದವನ್ನು ಮೇಲಕ್ಕೆತ್ತಬೇಕು. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಶಸ್ತ್ರವೈದ್ಯದ ಸುರುಳಿಯೊಂದರಲ್ಲಿಯೂ, ಗ್ರೀಕರ ಹಿಪಾಕ್ರಟೀಸನ ಪರಂಪರೆಯ ಕೀಲುಗಳ ಗ್ರಂಥದಲ್ಲಿಯೂ ಇದನ್ನೇ ಹೋಲುವ ಕ್ರಮವುಂಟು. ಇಂದಿನ ಆಸ್ಪತ್ರೆಯಲ್ಲಿ ಜಾರಿದ ದವಡೆಯನ್ನು ಕೂಡಿಸುವ ವೈದ್ಯನ ಹೆಬ್ಬೆರಳುಗಳು ಇಡುವ ಜಾಗವೂ ಮೂಲತಃ ಬೇರೆಯಲ್ಲ. ಕೂಡಿಸಿದ ಮೇಲೆ ಐದು ಬಾಲಗಳುಳ್ಳ 'ಪಂಚಾಂಗಿ' ಎಂಬ ಪಟ್ಟಿಯನ್ನು ಕಟ್ಟಬೇಕೆಂದು ಸುಶ್ರುತನು ವಿಧಿಸಿದ್ದಾನೆ. ಶಾಸ್ತ್ರವನ್ನು ಓದದ ನಮ್ಮ ಉಳುಕು ತೆಗೆಯುವವರೂ ಎಲುಬು ಕೂಡಿಸುವವರೂ ಔಡಲೆಣ್ಣೆಯನ್ನು ಸವರಿ, ಬಿಸಿ ಉಪ್ಪಿನ ಗಂಟಿನಿಂದ ಕಾವು ಕೊಟ್ಟು, ಹಳೆಯ ಧೋತರದ ತುಂಡಿನಿಂದ ಗದ್ದವನ್ನು ನೆತ್ತಿಗೆ ಬಿಗಿದು ಕಟ್ಟುತ್ತಿದ್ದುದು ಇದೇ ವಿಧಾನದ ಗ್ರಾಮರೂಪ.

ಇಷ್ಟೆಲ್ಲ ಬಲ್ಲವರು ಮದ್ದಿನ ಕೆಡುಕನ್ನು ಅರಿಯದೆ ಇದ್ದರೇ? ಅರಿತಿದ್ದರು. ಅದಕ್ಕೆ ಸಾಕ್ಷಿಯಾಗಿ ಕಾಸರಕದ ಬೀಜವೊಂದನ್ನೇ ಹೇಳಬಹುದು. ನಾಣ್ಯದಂತೆ ಚಪ್ಪಟೆಯಾದ, ರೇಷ್ಮೆಯ ನುಣುಪುಳ್ಳ ಈ ಬೂದುಬಣ್ಣದ ಬೀಜ ವಾತನೋವಿಗೂ ನರಗಳ ದೌರ್ಬಲ್ಯಕ್ಕೂ ಔಷಧಿಯೆನಿಸಿತ್ತು. ಅಳತೆ ಮೀರಿದರೆ ಅದೇ ದೇಹವನ್ನು ಬಿಲ್ಲಿನಂತೆ ಬಾಗಿಸಿ ದವಡೆಯನ್ನು ಕಟ್ಟಿ ಕೊಲ್ಲುವ ವಿಷ. ಆದುದರಿಂದಲೇ ಗೋಮೂತ್ರದಲ್ಲಿ ನೆನೆಯಿಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಒಳಮೊಳಕೆಯನ್ನೂ ತೆಗೆದು, ತುಪ್ಪದಲ್ಲಿ ಹುರಿದಲ್ಲದೆ ಅದನ್ನು ಬಳಸಕೂಡದೆಂಬ ಕಟ್ಟುನಿಟ್ಟು ವೈದ್ಯರಲ್ಲಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಕನ್ನಡದಲ್ಲಿ ರಚಿಸಿದ ಖಗೇಂದ್ರಮಣಿದರ್ಪಣವು ಸ್ಥಾವರ ಜಂಗಮ ವಿಷಗಳೆರಡನ್ನೂ ಕುರಿತ ಪ್ರೌಢಗ್ರಂಥ. ಔಷಧಿಗೂ ವಿಷಕ್ಕೂ ನಡುವಣ ಗಡಿಯನ್ನು ನಮ್ಮ ಭಾಷೆಯಲ್ಲಿಯೇ ಅಷ್ಟು ಹಿಂದೆ ಆಲೋಚಿಸಿದ್ದರೆಂಬುದು ನಾವು ಅಭಿಮಾನಪಡತಕ್ಕ ಸಂಗತಿ. ಫ್ರಾನ್ಸಿನ ಪೆಲ್ಲೆತಿಯೆ ಮತ್ತು ಕಾವೆಂತು ಎಂಬಿಬ್ಬರು 1818ರಲ್ಲಿ ಈ ಜಾತಿಯ ಬೀಜಗಳಿಂದ ಸ್ಟ್ರಿಕ್ನಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದ ತರುವಾಯ ಅದು ವಿಲಾಯತಿ ವೈದ್ಯದ ಮೂಲಕ ಬೇರೆ ವೇಷದಿಂದ ನಮ್ಮಲ್ಲಿಗೇ ಮರಳಿತು. ನಿಶ್ಶಕ್ತರಿಗೆ ಕೊಡುತ್ತಿದ್ದ ಈಸ್ಟನ್ ಸಿರಪ್ಪಿನಲ್ಲಿ ಕಬ್ಬಿಣ, ಕ್ವಿನೈನ್‌ಗಳ ಜೊತೆಗೆ ಇದೂ ಇರುತ್ತಿತ್ತು. ಧನುರ್ವಾಯುವಿನಲ್ಲಿ ದವಡೆ ಮೊದಲು ಬಿಗಿದು ಬಿಗಿದೇ ಇರುತ್ತದೆ, ಕಾಸರಕದ ವಿಷದಲ್ಲಿ ಮೈ ಮೊದಲು ಸೆಟೆದು ಸೆಳೆತಗಳ ನಡುವೆ ದವಡೆ ಸಡಿಲುತ್ತದೆ ಎಂದು ಎರಡನ್ನೂ ವಿಂಗಡಿಸುವ ಪಾಠವನ್ನು ಆ ಕಾಲದ ವೈದ್ಯವಿದ್ಯಾರ್ಥಿಗಳು ಕಂಠಸ್ಥ ಮಾಡಬೇಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಇನ್ನೊಂದು ಸರ್ವಸಾಧಾರಣ ಮದ್ದು ಪಾದರಸದ ಲವಣವಾದ ಕ್ಯಾಲೊಮೆಲ್. ಜ್ವರಕ್ಕೆ, ಪಿತ್ತಕ್ಕೆ, ಭೇದಿಗೆ ಎಂದು ಅದನ್ನು ಜೊಲ್ಲು ಸುರಿಯುವವರೆಗೆ ಕೊಡುತ್ತಿದ್ದರು. ವಸಡು ಕೊಳೆತು, ಕೆನ್ನೆಯ ಒಳಭಾಗ ಹುಣ್ಣಾಗಿ ಮಾಯ್ದು ಗಂಟುಕಟ್ಟಿ, ಕಡೆಗೆ ಬಾಯಿ ತೆರೆಯಲಾಗದಂತಾದ ಮಕ್ಕಳ ದಾರುಣ ವೃತ್ತಾಂತಗಳು ಆಗಿನ ಪಾಶ್ಚಾತ್ಯ ಶಸ್ತ್ರವೈದ್ಯರ ಬರಹಗಳಲ್ಲಿ ದೊರೆಯುತ್ತವೆ.

ಹಳ್ಳಿಯ ಜನರ ಕಣ್ಣಿಗೆ ಮಾತ್ರ ಕಟ್ಟಿದ ದವಡೆ ಎಂದರೆ ಎರಡೇ ಅರ್ಥ: ಒಂದು ಧನುರ್ವಾಯು, ಇನ್ನೊಂದು ಗಾಳಿ ಸೋಂಕು. ಮೊದಲನೆಯದರ ಭಯ ನಿರಾಧಾರವಾದುದಲ್ಲ. ಕುಡಗೋಲಿನಿಂದ ಕೊಯ್ದ ಹೊಕ್ಕಳಬಳ್ಳಿಯ ಮೂಲಕ ನಂಜೇರಿ, ಹಾಲು ಚೀಪಲಾಗದೆ ತೀರಿಕೊಂಡ ಹಸುಗೂಸುಗಳನ್ನು ಕಾಣದ ಊರು ಇರಲಿಲ್ಲ. ಚುಚ್ಚುಮದ್ದಿನ ದೀರ್ಘ ಪ್ರಯತ್ನದ ಫಲವಾಗಿ ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ನಿವಾರಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ ಮಾನ್ಯಮಾಡಿದುದು 2015ರಲ್ಲಿ. ಎರಡನೆಯದಾದ ಗಾಳಿಗೆ ಲಿಂಬೆಹಣ್ಣು, ಅಂಗಾರ, ತಾಯತ. ಈ ಎರಡು ಅರ್ಥಗಳ ನಡುವೆ ಮೂರನೆಯದೊಂದು ಬಂದು ಸೇರಿದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಅದೂ ಹುಚ್ಚಿನ ಚಿಕಿತ್ಸೆಯ ಹಾದಿಯಿಂದ.

ಈ ಸೀಮೆಯ ಮನೋರೋಗಿಗಳ ಹಾದಿ ಧಾರವಾಡದತ್ತ ಸಾಗುತ್ತಿತ್ತು. ಹುನಗುಂದ, ಬಾದಾಮಿ, ಬಾಗಲಕೋಟೆ ತಾಲೂಕುಗಳು ಮೊದಲು ಕಲಾದಗಿ ಜಿಲ್ಲೆಗೆ, 1885ರಿಂದ ವಿಜಾಪುರವನ್ನು ಮುಖ್ಯಸ್ಥಾನವಾಗುಳ್ಳ ಜಿಲ್ಲೆಗೆ ಸೇರಿ ಮುಂಬಯಿ ಪ್ರಾಂತದಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದವು. ಬಾಗಲಕೋಟೆ ತಾನೇ ಜಿಲ್ಲೆಯಾದುದು 1997ರಲ್ಲಿ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಆಶ್ರಯವಾಗಿದ್ದುದು 1845ರಲ್ಲಿ ಧಾರವಾಡದಲ್ಲಿ ಆರಂಭವಾದ ಹುಚ್ಚರ ಆಸ್ಪತ್ರೆ, ಅಂದರೆ ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಗದಗ ಹೋಟಗಿ ರೈಲುದಾರಿ ಬಾದಾಮಿ ಬಾಗಲಕೋಟೆಗಳ ಮೇಲಿಂದ ಹಾಯ್ದ ಬಳಿಕ, ಹುನಗುಂದದ ಕಡೆಯವರಿಗೂ ಬಾಗಲಕೋಟೆಯವರೆಗೆ ಚಕ್ಕಡಿಯಲ್ಲಿ ಬಂದು ಗದಗು ಹುಬ್ಬಳ್ಳಿಗಳ ಮೇಲಿಂದ ಧಾರವಾಡವನ್ನು ಮುಟ್ಟುವುದು ಸಾಧ್ಯವಾಯಿತು.

ಆ ಕಾಲದ ಮಾನಸಿಕ ಆಸ್ಪತ್ರೆಗಳ ಬಳಿ ಮದ್ದೆಂಬುದು ಇರಲಿಲ್ಲವೆಂದೇ ಹೇಳಬೇಕು. 1934ರಲ್ಲಿ ಮೆದೂನನೆಂಬ ವೈದ್ಯನು ಸೆಳವು ಬರಿಸಿ ಮನೋರೋಗವನ್ನು ಶಮನಗೊಳಿಸುವ ಕ್ರಮವನ್ನೂ, 1938ರಲ್ಲಿ ರೋಮಿನ ಚೆರ್ಲೆತ್ತಿ ಮತ್ತು ಬಿನಿ ಎಂಬವರು ಅದಕ್ಕಾಗಿ ವಿದ್ಯುತ್ತಿನ ಬಳಕೆಯನ್ನೂ ಆರಂಭಿಸಿದರು. ಸ್ನಾಯುಗಳನ್ನು ಸಡಿಲಿಸುವ ಔಷಧಿ ಆ ಚಿಕಿತ್ಸೆಗೆ ಒದಗುವ ಮುನ್ನ, ಸೆಳವಿನ ರಭಸಕ್ಕೆ ದವಡೆ ಕೀಲುತಪ್ಪುವುದು ತಿಳಿದೇ ಇದ್ದ ಅಪಾಯವಾಗಿತ್ತು. ಹಲ್ಲುಗಳ ನಡುವೆ ಅಡ್ಡಕವಿಟ್ಟು ಗದ್ದವನ್ನು ಒತ್ತಿ ಹಿಡಿಯುವುದು ಪರಿಚಾರಕನ ಕೆಲಸ. ಇದೇ ಕಾಲದಲ್ಲಿ, 1934ರಲ್ಲಿ, ಅಮೆರಿಕದ ಕಿವಿಮೂಗುಗಳ ವೈದ್ಯ ಜೇಮ್ಸ್ ಕಾಸ್ಟನ್ನನು ಕಿವಿನೋವು, ತಲೆನೋವು, ತಲೆಸುತ್ತುಗಳಿಗೆ ದವಡೆಯ ಕೀಲಿನ ದೋಷ ಕಾರಣವಾಗಬಹುದೆಂದು ಬರೆದು, ಅದುವರೆಗೆ ಎಲುಬು ಕೂಡಿಸುವವರ ಪಾಲಿಗಿದ್ದ ಈ ಕೀಲನ್ನು ದಂತವೈದ್ಯರ ಗಮನಕ್ಕೆ ತಂದನು. ಹಲ್ಲಿನ ಜೋಡಣೆಯೇ ಎಲ್ಲಕ್ಕೂ ಮೂಲವೆಂಬ ಅವನ ವಾದ ಬಹುಕಾಲ ನಿಲ್ಲಲಿಲ್ಲ. ಸ್ನಾಯುಗಳ ಬಿಗಿತಕ್ಕೆ ಪ್ರಾಧಾನ್ಯ ಕೊಡುವ ವಿಚಾರ ಐವತ್ತರ ದಶಕದಲ್ಲಿ ಬಲಗೊಂಡಿತು.

ಆ ದಶಕವೇ ಮನೋರೋಗಿಗಳ ಪಾಲಿಗೆ ಯುಗಾಂತರ. ಫ್ರಾನ್ಸಿನಲ್ಲಿ 1950ರ ಕೊನೆಯಲ್ಲಿ ಸಂಯೋಜಿತವಾಗಿ, 1952ರಲ್ಲಿ ದಿಲೇ ಮತ್ತು ದೆನಿಕೆರ್ ಎಂಬ ವೈದ್ಯರ ಕೈಯಲ್ಲಿ ತನ್ನ ಗುಣವನ್ನು ತೋರಿದ ಕ್ಲೋರ್‌ಪ್ರೊಮಝೀನ್, ಅಂದರೆ ಲಾರ್ಗ್ಯಾಕ್ಟಿಲ್, ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದಿತು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದುದು ಅದೇ ಕಾಲದಲ್ಲಿ. 1958ರಲ್ಲಿ ಪಾಲ್ ಯಾನ್ಸೆನ್ನನ ಪ್ರಯೋಗಶಾಲೆಯಿಂದ ಇದೇ ಕೆಲಸದ ಇನ್ನೊಂದು ಮದ್ದಾದ ಹ್ಯಾಲೊಪೆರಿಡಾಲ್ ಹೊರಬಂದಿತು. ಸರಪಳಿಯಿಂದಲ್ಲದೆ ತಡೆಯಲಾಗದಿದ್ದ ರೋಗಿಗಳು ಮನೆಗೆ ಮರಳಿ ಹೊಲಕ್ಕೂ ಮಗ್ಗಕ್ಕೂ ಹೋಗುವಂತಾದುದು ಈ ಮದ್ದುಗಳಿಂದ. ಈ ಉಪಕಾರವನ್ನು ಮರೆತು ಇವುಗಳ ದೋಷವನ್ನು ಮಾತ್ರ ಎಣಿಸುವುದು ಅನ್ಯಾಯ. ಆದರೆ ದೋಷ ಇತ್ತು. ಮಿದುಳಿನ ಆಳದಲ್ಲಿ ಚಲನೆಯನ್ನು ತೂಗಿಸುವ ಡೋಪಮಿನ್ ಎಂಬ ದ್ರವ್ಯವನ್ನು ಇವು ತಡೆಯುವುದರಿಂದ, ಮದ್ದನ್ನು ಮೊದಲುಮಾಡಿದ ಕೆಲವೇ ದಿನಗಳಲ್ಲಿ, ವಿಶೇಷವಾಗಿ ತರುಣರಲ್ಲಿ, ಒಮ್ಮಿಂದೊಮ್ಮೆಲೆ ಸ್ನಾಯುಗಳು ಸೆಟೆಯುತ್ತಿದ್ದವು. ದವಡೆ ಒಂದು ಬದಿಗೆ ತಿರುಚಿ ನಿಲ್ಲುವುದು ಅಥವಾ ಬಾಯಿ ಅಗಲವಾಗಿ ತೆರೆದುಕೊಂಡು ಮುಚ್ಚಲಾಗದಿರುವುದು, ನಾಲಗೆ ಹೊರಚಾಚುವುದು, ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಳ್ಳುವುದು, ಕುತ್ತಿಗೆ ಹಿಂದಕ್ಕೆ ಬಾಗುವುದು, ಇಷ್ಟಾದರೂ ರೋಗಿಗೆ ಪೂರ್ಣ ಎಚ್ಚರವಿರುವುದು ಇದರ ಲಕ್ಷಣ. ಸೆಳೆತದ ಬಲಕ್ಕೆ ಕೀಲು ಕುಳಿಯಿಂದ ಜಾರಿದ ಪ್ರಸಂಗಗಳೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಪ್ರಪಂಚದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಇದನ್ನು ಧನುರ್ವಾಯುವೆಂದೋ, ನಟನೆಯೆಂದೋ, ಹಿಸ್ಟೀರಿಯಾವೆಂದೋ ತಪ್ಪುತಿಳಿದ ಉದಾಹರಣೆಗಳು ಹೇರಳವಾಗಿರುವಾಗ, ನಮ್ಮ ಹಳ್ಳಿಯವರು ಗಾಳಿಯೆಂದರೆ ಅವರನ್ನು ಹಳಿಯುವುದು ಯುಕ್ತವಲ್ಲ.

ಈ ಬಾಧೆ ಆಸ್ಪತ್ರೆಯ ಗೋಡೆಯನ್ನು ದಾಟಿ ಹಳ್ಳಿಗೆ ಬಂದ ದಾರಿಗಳು ಎರಡು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗಕ್ಕೆ ಮದ್ದು ಕೊಡಬಹುದೆಂಬುದನ್ನು ತೋರಿಸಿಕೊಟ್ಟಿತು. ದೇಶಕ್ಕೇ ಮಾದರಿಯಾದ ಆ ಪ್ರಯತ್ನ ನಡೆದುದು ನಮ್ಮ ನೆರೆಯಲ್ಲಿಯೇ ಎಂಬುದು ಸ್ಮರಣೀಯ. ಇದು ಮೊದಲನೆಯ ದಾರಿ. ಎರಡನೆಯದು ಮನಸ್ಸಿನ ರೋಗಕ್ಕೆ ಏನೂ ಸಂಬಂಧವಿಲ್ಲದ, ಅದರಿಂದಲೇ ಯಾರಿಗೂ ಸಂಶಯ ಬಾರದ ದಾರಿ: ವಾಂತಿಗೂ ತಲೆಸುತ್ತಿಗೂ ಕೊಡುವ ಔಷಧಿಗಳು. ಪೆರಿನಾರ್ಮ್ ಎಂದು ಅಂಗಡಿಗಳಲ್ಲಿ ಸಿಗುವ ಮೆಟೊಕ್ಲೋಪ್ರಮೈಡ್, ಸ್ಟೆಮೆಟಿಲ್ ಎಂಬ ಪ್ರೊಕ್ಲೋರ್‌ಪೆರಝೀನ್, ಇವೂ ಅದೇ ಡೋಪಮಿನ್ನನ್ನು ತಡೆಯುವಂತಹವೇ. ಬೇಸಗೆಯಲ್ಲಿ ವಾಂತಿಭೇದಿ ಹಿಡಿದ ಹುಡುಗಿಯೊಬ್ಬಳನ್ನು ನೆನೆದುಕೊಳ್ಳಿರಿ. ಸಂತೆಯ ಊರಿನಲ್ಲಿ ಒಂದು ಇಂಜೆಕ್ಷನ್ ಮಾಡಿಸಿ, ನಾಲ್ಕು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿಸಿಕೊಂಡು ತಂದೆತಾಯಿಗಳು ಮನೆಗೆ ಕರೆತರುತ್ತಾರೆ, ವಾಂತಿ ನಿಲ್ಲುತ್ತದೆ. ಮರುದಿನ ಸಂಜೆ ಮಗುವಿನ ದವಡೆ ತಿರುಚಿ, ನಾಲಗೆ ಹೊರಬಂದು, ಕಣ್ಣು ಮೇಲಕ್ಕೆ ಹೋಗುತ್ತದೆ. ವಾಂತಿಗೆ ಕೊಟ್ಟ ಗುಳಿಗೆಗೂ ತಿರುಚಿದ ಬಾಯಿಗೂ ಸಂಬಂಧವನ್ನು ಕಲ್ಪಿಸುವವರು ಯಾರು? ಕಾಗದದ ಕಟ್ಟಿನ ಮೇಲೆ ಮದ್ದಿನ ಹೆಸರಿಲ್ಲ. ಅಜ್ಜಿ ಇಳಿದೆಗೆಯುತ್ತಾಳೆ, ಸೆಳೆತ ಕೆಲವು ತಾಸುಗಳಲ್ಲಿ ತಾನಾಗಿ ಸಡಿಲಿದರೆ ಲಿಂಬೆಹಣ್ಣಿಗೆ ಯಶಸ್ಸು ಬರುತ್ತದೆ, ಮತ್ತೊಂದು ಗುಳಿಗೆ ಹೊಟ್ಟೆಗೆ ಹೋಗಿ ಮರಳಿ ಸೆಳೆತ ಬಂದರೆ ದೆವ್ವ ಹಟಮಾರಿಯೆಂದು ತೀರ್ಮಾನವಾಗುತ್ತದೆ. ಇದನ್ನು ಬಲ್ಲ ವೈದ್ಯನ ಕೈಗೆ ಬಂದರೆ ಪ್ರೊಮೆಥಝೀನ್ ಅಥವಾ ಅದನ್ನು ಹೋಲುವ ಔಷಧಿಯ ಒಂದು ಚುಚ್ಚಿನಿಂದ, ಬಹಳ ಸಲ ಅರ್ಧ ತಾಸಿನೊಳಗೆ, ದವಡೆ ತನ್ನ ಎಡೆಗೆ ಮರಳುತ್ತದೆ. ಕಾರಣವನ್ನು ಅರಿತ ಬಳಿಕ ಇಷ್ಟು ಸುಲಭವಾಗಿ ಪರಿಹಾರವಾಗುವ ಬೇರೊಂದು ಭಯಾನಕ ದೃಶ್ಯ ವೈದ್ಯದಲ್ಲಿ ಅಪರೂಪ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಮೆಟೊಕ್ಲೋಪ್ರಮೈಡನ್ನು ಅಲ್ಪಕಾಲ, ಅಲ್ಪ ಪ್ರಮಾಣದಲ್ಲಿ ಮಾತ್ರ ಕೊಡಬೇಕೆಂದೂ ಒಂದು ವರ್ಷದೊಳಗಿನ ಶಿಶುಗಳಿಗೆ ಕೊಡಲೇ ಕೂಡದೆಂದೂ ಶಿಫಾರಸು ಮಾಡಿತು.

ಹೀಗೆ ಥಟ್ಟನೆ ಬರುವುದಕ್ಕಿಂತ ನಿಧಾನವಾಗಿ ಬರುವುದು ಕಠಿನ. ತಿಂಗಳು ವರ್ಷಗಟ್ಟಲೆ ಡೋಪಮಿನ್ನನ್ನು ತಡೆಯುವ ಆ ಮದ್ದುಗಳನ್ನು ಸೇವಿಸಿದ ಕೆಲವರಲ್ಲಿ ದವಡೆ ತನ್ನಷ್ಟಕ್ಕೆ ತಾನೇ ಅಗಿಯುವಂತೆ ಆಡತೊಡಗುತ್ತದೆ. ತುಟಿ ಚಪ್ಪರಿಸುವುದು, ನಾಲಗೆ ಹೊರಳಿಸುವುದು ಎಚ್ಚರವಿರುವಷ್ಟು ಹೊತ್ತೂ ನಡೆದಿರುತ್ತದೆ. ಜರ್ಮನಿಯ ಶ್ಯೋನೆಕರ್ ಇದನ್ನು 1957ರಲ್ಲಿ ಮೊದಲು ವರ್ಣಿಸಿದನು. 1964ರಲ್ಲಿ ಇದಕ್ಕೆ ಇಂದು ರೂಢವಾಗಿರುವ ಟಾರ್ಡಿವ್ ಡಿಸ್ಕೈನೇಸಿಯ ಎಂಬ ಹೆಸರು ಬಂದಿತು. ಮದ್ದನ್ನು ನಿಲ್ಲಿಸಿದರೂ ಅನೇಕರಲ್ಲಿ ಇದು ನಿಲ್ಲದು. ಎಲೆಯಡಿಕೆ ತಂಬಾಕುಗಳನ್ನು ಬಾಯಲ್ಲಿ ಇಟ್ಟುಕೊಳ್ಳುವವರು ಬಹಳವಾಗಿರುವ ನಮ್ಮ ಕಡೆ, ಬಾಯಾಡಿಸುತ್ತ ಕುಳಿತ ಮುದುಕನನ್ನು ಕಂಡು ಇದೊಂದು ವ್ಯಾಧಿಯೆಂದು ಯಾರಿಗೂ ತೋರದಿರುವುದು ಆಶ್ಚರ್ಯವಲ್ಲ. ಅಡಿಕೆ ಗುಟ್ಕಾಗಳ ಸೇವನೆಯಿಂದ ಕೆನ್ನೆಯ ಒಳಪೊರೆ ಗಡುಸಾಗಿ ಬಾಯಿ ಕಿರಿದಾಗುವುದು ಬೇರೆಯೇ ರೋಗ. ಕೀಲು ಅಲ್ಲಿ ನಿರಪರಾಧಿ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮುಂತಾದ ಮದ್ದುಗಳಿಂದ ಕೆಲವರಿಗೆ ಮೊದಲ ವಾರಗಳಲ್ಲಿಯೇ ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಹತ್ತಿ, ಮುಂಜಾನೆ ಏಳುವಾಗ ದವಡೆ ನೋಯುವುದನ್ನು ತೊಂಬತ್ತರ ದಶಕದಿಂದ ವೈದ್ಯರು ಗುರುತಿಸುತ್ತ ಬಂದಿದ್ದಾರೆ. ಮನಸ್ಸಿನ ಕಳವಳವೂ ಹಲ್ಲು ಕಡಿಸುವುದರಿಂದ, ತಪ್ಪು ಮದ್ದಿನದೋ ರೋಗದ್ದೋ ಎಂದು ನಿರ್ಣಯಿಸುವುದಕ್ಕೆ ನೋವು ಮೊದಲಾದ ದಿನವನ್ನೂ ಮದ್ದು ಮೊದಲಾದ ದಿನವನ್ನೂ ಹೋಲಿಸಿ ನೋಡುವುದೊಂದೇ ಸರಿಯಾದ ಉಪಾಯ. ದವಡೆಯ ಕೀಲುನೋವಿನಲ್ಲಿ ಬಹುಪಾಲು ಮದ್ದಿನಿಂದ ಬಂದುದಲ್ಲ. ಪೆಟ್ಟು, ಸವೆತ, ಸ್ನಾಯುಗಳ ದಣಿವು ಇವೇ ಹೆಚ್ಚಿನ ಕಾರಣಗಳು. ಆದರೂ ಮದ್ದಿನಿಂದ ಬಂದುದನ್ನು ಬೇರೆಯೆಂದು ಬಗೆದು ಹಲ್ಲು ಕೀಳಿಸಿಕೊಂಡರೆ ಹಲ್ಲೂ ಹೋಗುತ್ತದೆ, ನೋವೂ ಉಳಿಯುತ್ತದೆ.

ಈಗ ಧಾರವಾಡದ ದೀರ್ಘ ಪ್ರಯಾಣ ಅನಿವಾರ್ಯವಲ್ಲ. 1906ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ನಡೆಯಿಸುವ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವೂ ಪಿ. ಎಂ. ನಾಡಗೌಡ ಸ್ಮಾರಕ ದಂತ ವೈದ್ಯಕೀಯ ಮಹಾವಿದ್ಯಾಲಯವೂ ರಾಮಥಾಳದವರಿಗೆ ಜಿಲ್ಲೆಯ ಒಳಗೇ ಇವೆ. ಒಂದೇ ಸಂಘದ ಆಶ್ರಯದಲ್ಲಿ ಹಲ್ಲಿನ ವೈದ್ಯನೂ ಮನಸ್ಸಿನ ವೈದ್ಯನೂ ದೊರೆಯುವುದು ಈ ಬಾಧೆಯ ಮಟ್ಟಿಗೆ ದೊಡ್ಡ ಅನುಕೂಲ. ಆದರೆ ರೋಗಿ ತಾನು ಸೇವಿಸಿದ ಮದ್ದಿನ ಹೆಸರನ್ನು ಹೇಳದೆ ಇದ್ದರೆ ಇವರಲ್ಲಿ ಯಾರೂ ಅದನ್ನು ಊಹಿಸಲಾರರು. ಆದುದರಿಂದ ಹುನಗುಂದ, ಇಳಕಲ್ಲು, ಬಾದಾಮಿಗಳ ಕಡೆಯ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಮನೆಯಲ್ಲಿ ಯಾರದಾದರೂ ದವಡೆ ಹಠಾತ್ತಾಗಿ ಬಿಗಿದರೆ, ತಿರುಚಿದರೆ, ಜಾರಿದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ, ಕಳೆದ ಒಂದು ವಾರದಲ್ಲಿ ತೆಗೆದುಕೊಂಡ ಗುಳಿಗೆಗಳ ಹಾಳೆಗಳನ್ನೂ, ಇಂಜೆಕ್ಷನ್ನಿನ ಚೀಟಿಯನ್ನೂ, ನಾಟಿ ವೈದ್ಯರ ಪುಡಿಯಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಮದ್ದನ್ನು ಬಿಡಿಸಿ ಕಾಗದದಲ್ಲಿ ಕಟ್ಟಿಕೊಡುವವರಿದ್ದರೆ ಅದರ ಹೆಸರನ್ನು ಬರೆಯಿಸಿಕೊಳ್ಳದೆ ಎದ್ದುಬರಬೇಡಿರಿ. ಮನೋರೋಗದ ಗುಳಿಗೆಗಳನ್ನು ಮಾತ್ರ, ದವಡೆ ನೋಯುತ್ತದೆಂದು, ಕೊಟ್ಟ ವೈದ್ಯರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿರಿ; ಪ್ರಮಾಣವನ್ನು ಇಳಿಸುವುದೂ ಮದ್ದನ್ನು ಬದಲಿಸುವುದೂ ಅವರಿಗೆ ಸಾಧ್ಯವಿದೆ.